ನಂಬುವ ಮೊದಲು ನಾಲ್ಕು ಸಾಲು ಬಿಡಿ

ತಿಕೋಟಾ ಕಡೆಯ ಕೆಲವು ಬೆಳೆ ಔಷಧದ ಅಂಗಡಿಗಳಲ್ಲಿ ನನಗೆ ಈಗ ಚಹಾ ಸಿಗುವುದಿಲ್ಲ. ಮೊದಲು ಸಿಗುತ್ತಿತ್ತು. "ಈ ಮನಿಷ್ಯಾ ಏನ್ ಹೇಳಿದ್ರೂ ನಂಬಂಗಿಲ್ಲ" ಅಂತ ಹೆಸರು ಬಿದ್ದಿದೆ. ಅದು ಸುಳ್ಳು. ನಾನೂ ಎಲ್ಲರಷ್ಟೇ ನಂಬುತ್ತೇನೆ. ನಂಬುವ ಮೊದಲು ದ್ರಾಕ್ಷಿ ಪಡದಲ್ಲಿ ನಾಲ್ಕು ಸಾಲು ಏನೂ ಹೊಡೆಯದೆ ಬಿಡುತ್ತೇನೆ, ಅಷ್ಟೇ ವ್ಯತ್ಯಾಸ.

ಪಡ ಮಾಡಿದವರಿಗೆ ಖರ್ಚಿನ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್ ಚಾಟ್ನಿಯಿಂದ, ಅಂದರೆ ಬಳ್ಳಿ ಕತ್ತರಿಸುವುದರಿಂದ, ಕೊಯ್ಲಿನ ತನಕ ಬರೀ ಟಾನಿಕ್‌ಗೇ ಎಕರೆಗೆ 25–30 ಸಾವಿರ ಹೋಗುತ್ತಿತ್ತು. ರೋಗದ ಔಷಧ, ಗೊಬ್ಬರ, ಜಿಎ ಹಾರ್ಮೋನು ಎಲ್ಲ ಬೇರೆ. ಕಾಯಿ ಉದ್ದ ಆಗೋಕೆ ಒಂದು ಬಾಟಲಿ, ಸಕ್ಕರೆ ಏರೋಕೆ ಇನ್ನೊಂದು, ಬೇರಿಗೆ ಮತ್ತೊಂದು. ಎಲ್ಲ ಹೊಡೆದ ಮೇಲೆ ಬೆಳೆ ಚೆನ್ನಾಗಿ ಬಂದರೆ ಬಾಟಲಿಯ ಪುಣ್ಯ, ಕೆಟ್ಟರೆ ಹವಾಮಾನದ ತಪ್ಪು. ಈ ಲೆಕ್ಕದಲ್ಲಿ ಬಾಟಲಿ ಸೋಲುವುದು ಯಾವಾಗ ಹೇಳಿ?

ಅದಕ್ಕೇ ಸಾಲು ಬಿಡಲು ಶುರು ಮಾಡಿದೆ. ಅಣ್ಣ ಬೈದ. "ನಾಲ್ಕ ಸಾಲಂದ್ರ ಎಷ್ಟ್ ಒಣದ್ರಾಕ್ಷಿ ಗೊತ್ತೈತಿಲ್ಲೋ? ನಿನ್ನ ಶ್ಯಾಣ್ಯಾತನಕ್ಕ ಅಷ್ಟ್ ರೊಕ್ಕ ಹಾಳ ಮಾಡ್ತಿ?" ಅಂದ. ಪಕ್ಕದ ಪಡದವರು ನಕ್ಕರು. ಅಂಗಡಿಯವನು ಮಾತ್ರ ನಗಲಿಲ್ಲ. ಅವನಿಗೆ ಆಗಲೇ ವಾಸನೆ ಬಡಿದಿತ್ತು.

ಮೊದಲ ವರ್ಷದ ಪರೀಕ್ಷೆ ಎಕ್ಕುಟ್ಟಿ ಹೋಯಿತು. ಔಷಧ ಹೊಡೆಯುವ ಬ್ಲೋವರ್ ಓಡಿಸುವ ಹುಡುಗ ಬಹಳ ನಿಯತ್ತಿನವನು. ಸಂಜೆ ಬಂದು, "ಸಾವ್ಕಾರ್ರ, ನಡುವ ನಾಲ್ಕ ಸಾಲ ಬಿಟ್ಟಿದ್ರಲ್ರಿ, ಪಾಪ, ನಾನ ಹೊಡದ್ ಬಂದೀನಿ" ಅಂದ. ಅವನಿಗೆ ಬೈಯೋಕೆ ಆಗುತ್ತಾ? ಗಿಡದ ಮೇಲೆ ಕರುಣೆ ಇರುವ ಆಳು ಸಿಗುವುದೇ ಕಷ್ಟ. ಮುಂದಿನ ವರ್ಷ ಫೆಬ್ರವರಿಯಲ್ಲಿ ಆಣೆಕಲ್ಲು ಬಿತ್ತು. ಬಿಟ್ಟ ಸಾಲು, ಹೊಡೆದ ಸಾಲು ಎಲ್ಲ ಒಂದೇ ಆಯಿತು. ಎರಡು ವರ್ಷದಲ್ಲಿ ಸಿಕ್ಕಿದ್ದು ಅಣ್ಣನ ಮಾತು ಮಾತ್ರ.

ಮೂರನೇ ಸಲ ಬೇರೆ ದಾರಿ ಹಿಡಿದೆ. ಏನನ್ನೂ ಪರೀಕ್ಷೆ ಮಾಡಲಿಲ್ಲ. ಎಲ್ಲ ಸಾಲಿಗೂ ಒಂದೇ ನೀರು, ಒಂದೇ ಗೊಬ್ಬರ ಕೊಟ್ಟು, ಸಾಲುವಾರು ಕ್ರೇಟ್ ತೂಗಿದೆ. ಇದು ಇಡೀ ಕಥೆಯಲ್ಲಿ ನನಗೆ ಜಾಸ್ತಿ ಲಾಭ ಕೊಟ್ಟ ಕೆಲಸ. ಏನೂ ವ್ಯತ್ಯಾಸ ಮಾಡದೆಯೇ ಒಂದು ಸಾಲಿಗೂ ಇನ್ನೊಂದಕ್ಕೂ ನೂರಕ್ಕೆ ಹತ್ತು ಹನ್ನೆರಡು ಕಿಲೋ ಫರಕು ಬಂತು. ಒಂದು ಕಡೆ ಗರಸು ಮಣ್ಣು, ಒಂದು ಕಡೆ ಡ್ರಿಪ್ ಕಟ್ಟಿಕೊಂಡಿದ್ದು, ರಸ್ತೆ ಬದಿಗೆ ಧೂಳು. ಹಾಗಿದ್ದ ಮೇಲೆ "ನಮ್ಮ ಬಾಟಲಿ ಹೊಡೆದವರಿಗೆ ನೂರಕ್ಕೆ ಐದು ಜಾಸ್ತಿ ಬಂದಿದೆ" ಅಂತ ಯಾರಾದರೂ ಹೇಳಿದರೆ ನನ್ನ ಪಡದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಅವರ ಪಡದಲ್ಲಿ ಹೇಗೆ ಬಿತ್ತು ಅಂತ ಕೇಳಿದೆ. ಚಹಾ ನಿಂತಿದ್ದು ಆಗಲೇ ಇರಬೇಕು.

ಅಲ್ಲಿಂದ ಬಿಡುವ ಸಾಲನ್ನು ಒಂದೇ ಕಡೆ ಇಡುವುದು ನಿಲ್ಲಿಸಿದೆ. ಪಡದ ನಾಲ್ಕು ದಿಕ್ಕಿಗೂ ಹಂಚುತ್ತೇನೆ. ಯಾವ ಸಾಲು ಅನ್ನುವುದನ್ನು ನಾನು ಆರಿಸುವುದಿಲ್ಲ, ಮಗಳು ಚೀಟಿ ಎತ್ತುತ್ತಾಳೆ. ನಾನು ಆರಿಸಿದರೆ ಕೈ ತಾನಾಗೇ ಬಡವಾದ ಸಾಲಿನ ಕಡೆ ಹೋಗುತ್ತದೆ. ತೂಗುವವರಿಗೂ ಬ್ರಿಕ್ಸ್, ಅಂದರೆ ಹಣ್ಣಿನ ಸಕ್ಕರೆ, ನೋಡುವವರಿಗೂ ಯಾವುದು ಹೊಡೆದಿದ್ದು ಅಂತ ಗೊತ್ತಿರಬಾರದು. ಆ ನಿಯತ್ತಿನ ಹುಡುಗನಿಗೂ ಗೊತ್ತಾಗಬಾರದು. ಅವನಿಗೆ ಎಲ್ಲ ಸಾಲಿಗೂ ಹೊಡೆದಂತೆಯೇ ಅನಿಸುತ್ತದೆ, ಕೆಲವು ಸಾಲಿಗೆ ಟ್ಯಾಂಕಿನಲ್ಲಿ ಬರೀ ನೀರು. ಸಾಲಿಗೆ ಗುರುತು ಹೇಗೆ ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂರು ಜನ ಹುಡುಕಿ ಸೋತಿದ್ದಾರೆ, ಹಾಗೇ ಇರಲಿ.

ಹೊಡೆಯುವ ಮುಂಚೆ ಇನ್ನೊಂದು ಕೆಲಸ ಇದೆ. ಅಂಗಡಿಯವನ ಮಾತನ್ನು ಅವನ ಎದುರಿಗೇ ಡೈರಿಯಲ್ಲಿ ಬರೆಯುತ್ತೇನೆ. ಏನು ಆಗುತ್ತದೆ, ಎಷ್ಟು ದಿನಕ್ಕೆ, ಎಷ್ಟು. "ಗಿಡಕ್ಕೆ ಶಕ್ತಿ ಬರ್ತೈತಿ" ಅಂದರೆ ಬರೆದುಕೊಳ್ಳುವುದಿಲ್ಲ. ಶಕ್ತಿಯನ್ನು ಯಾವ ತಕ್ಕಡಿಯಲ್ಲಿ ತೂಗಲಿ? ಅರ್ಧ ಬಾಟಲಿಗಳು ಇಲ್ಲೇ ವಾಪಸ್ ಹೋಗುತ್ತವೆ, ಪರೀಕ್ಷೆಯ ಖರ್ಚೂ ಉಳಿಯುತ್ತದೆ.

ಫಲ ಏನಾಯಿತು? ನನ್ನ ಪಡದಲ್ಲಿ ಟಾನಿಕ್ ಖರ್ಚು ಎಕರೆಗೆ ಏಳೆಂಟು ಸಾವಿರಕ್ಕೆ ಇಳಿದಿದೆ. ಒಣದ್ರಾಕ್ಷಿ ಮೊದಲಿನಂತೆಯೇ ಎಕರೆಗೆ ಮೂರು ಟನ್ ಮೇಲೆ ಕೆಳಗೆ ಬರುತ್ತಿದೆ. ಅಣ್ಣ ಈಗ ಬೈಯುವುದಿಲ್ಲ. ಹೊಗಳುವುದೂ ಇಲ್ಲ ಅನ್ನಿ. ಆದರೆ ಹೊಸ ಬಾಟಲಿ ಬಂದರೆ ತಾನೇ ಕೇಳುತ್ತಾನೆ, "ನಿನ್ನ ಬಿಟ್ಟ ಸಾಲ ಏನ್ ಅಂತಾವ?"

ಬರೀ ಬಾಟಲಿಗಳನ್ನು ಸೋಲಿಸುತ್ತಾ ಕೂತಿಲ್ಲ. ಪರಿಚಯದ ಒಬ್ಬ ಹಿರಿಯರು, ಬುಡಕ್ಕೆ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಹಾಸಿದರೆ ಬೇಸಿಗೆಯ ನೀರಿನಲ್ಲಿ ಕಾಲು ಭಾಗ ಉಳಿಯುತ್ತದೆ ಅಂದರು. ನನಗೆ ನಂಬಿಕೆ ಬರಲಿಲ್ಲ. ಇಲಿ, ಗೆದ್ದಲು ಬರುತ್ತವೆ ಅಷ್ಟೇ ಅಂದುಕೊಂಡೆ. ಚೀಟಿ ಎತ್ತಿ ಹಾಸಿದೆವು. ಮೇ ತಿಂಗಳ ಮಧ್ಯಾಹ್ನ, ನೀರು ಬಿಟ್ಟು ಎರಡು ದಿನವಾದ ಮೇಲೆ, ಒಂದು ಗೇಣು ಕೆರೆದು ಮಣ್ಣು ಹಿಡಿದು ನೋಡಿದೆ. ಬಿಟ್ಟ ಸಾಲಿನದು ಮುಷ್ಟಿ ಬಿಚ್ಚಿದರೆ ಹಿಟ್ಟಿನಂತೆ ಉದುರಿತು. ರವದಿ ಕೆಳಗಿನದು ಉಂಡೆಯಾಗಿ ನಿಂತಿತು, ಬೆರಳಿನ ಗೆರೆ ಸಹ ಮೂಡಿತ್ತು. ವಾಲ್ವ್ ಬಿಡುವ ಹೊತ್ತು ನಾಲ್ಕು ಗಂಟೆಯಿಂದ ಮೂರಕ್ಕೆ ಇಳಿಸಿದೆ, ಗಿಡ ಬಾಡಲಿಲ್ಲ. ಗೆದ್ದಲು ಬಂದಿದ್ದೂ ನಿಜ. ಈಗ ಇಡೀ ಪಡಕ್ಕೆ ಹಾಸುತ್ತೇನೆ. ಟ್ರ್ಯಾಕ್ಟರ್ ಬಾಡಿಗೆ ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ.

ಈ ಚಟ ಮನೆಯೊಳಗೂ ಬಂತು. ಮಾಲ್ದಂಡಿ ಜೋಳದ ರೊಟ್ಟಿ ಯಾವುದು, ಬೇರೆ ಜೋಳದ್ದು ಯಾವುದು ಅಂತ ಕಣ್ಣು ಮುಚ್ಚಿ ಹೇಳುತ್ತೇನೆ ಅಂತ ಅವ್ವ ಯಾವಾಗಲೂ ಅನ್ನುತ್ತಿದ್ದಳು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಎಂಬ ಗಣಿತದವನು 1920ರ ದಶಕದಲ್ಲಿ ಇಂಥದ್ದೇ ಆಟ ಆಡಿದ್ದ. ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಚಹಾ ಮೊದಲೋ ಅಂತ ಕುಡಿದು ಹೇಳುತ್ತೇನೆ ಅಂದ ಹೆಂಗಸಿಗೆ ಎಂಟು ಕಪ್ಪು ಕೊಡುವುದು, ನಾಲ್ಕು ಹೀಗೆ, ನಾಲ್ಕು ಹಾಗೆ. ಸುಮ್ನೆ ಊಹಿಸಿ ಎಂಟೂ ಸರಿ ಹೇಳುವ ಸಾಧ್ಯತೆ 70ಕ್ಕೆ ಒಂದು. ನಾವು ಎಂಟು ರೊಟ್ಟಿ ಮಾಡಿಸಿದೆವು. ಅವ್ವನ ಕಣ್ಣಿಗೆ ಬಟ್ಟೆ ಕಟ್ಟಿದೆವು. ಅವಳು ತಿನ್ನಲೇ ಇಲ್ಲ. ರೊಟ್ಟಿಯ ಅಂಚನ್ನು ಹೆಬ್ಬೆರಳಲ್ಲಿ ಸವರಿ, ಒಂದು ಚೂರು ಮುರಿದು, ಎಂಟನ್ನೂ ಸರಿ ಹೇಳಿದಳು. ಆಮೇಲೆ ಮಾಲ್ದಂಡಿಯ ನಾಲ್ಕನ್ನು ತನ್ನ ಕಡೆ ಎಳೆದುಕೊಂಡಳು. ಅವತ್ತಿನಿಂದ ಜೋಳ ಕೊಳ್ಳಲು ಅವಳೇ ಹೋಗುತ್ತಾಳೆ.

ಎಲ್ಲದಕ್ಕೂ ಸಾಲು ಬಿಡಲು ಆಗುವುದಿಲ್ಲ. ಅಕ್ಟೋಬರ್ ಚಾಟ್ನಿ ಆದ ಮೇಲೆ ಮಳೆ ಹಿಡಿದು ಡೌನಿ ಬೂಜು ರೋಗ ಕಾಣಿಸಿಕೊಂಡರೆ ಬಿಟ್ಟ ನಾಲ್ಕು ಸಾಲು ಇಡೀ ಪಡವನ್ನು ತಿನ್ನುತ್ತದೆ, ಪಕ್ಕದವನ ಪಡವನ್ನೂ ತಿನ್ನುತ್ತದೆ. ಅಲ್ಲಿ ಪುಣೆ ಹತ್ತಿರದ ಮಾಂಜರಿಯ ದ್ರಾಕ್ಷಿ ಸಂಶೋಧನಾ ಕೇಂದ್ರದವರು ಹೇಳಿದ್ದನ್ನು ಮಾತಿಲ್ಲದೆ ಹೊಡೆಯುತ್ತೇನೆ. ಅವರು ನನ್ನ ಬದಲು ಸಾಲು ಬಿಟ್ಟು ನೋಡಿದ್ದಾರೆ. ಡೌನಿಗೆ ಹೊಡೆಯುವ ಬೋರ್ಡೋ ದ್ರಾವಣದ ಕಥೆಯೂ ಹಾಗೇ ಅಲ್ವಾ? 1882ರಲ್ಲಿ ಫ್ರಾನ್ಸಿನಲ್ಲಿ ಕಳ್ಳರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಗಿಡಗಳಿಗೆ ಮೈಲುತುತ್ತ, ಸುಣ್ಣ ಬಳಿದಿದ್ದರು. ಒಳಗಿನ ಗಿಡಗಳಿಗೆ ಡೌನಿ ಬಂತು, ರಸ್ತೆ ಬದಿಯವು ಹಸಿರಾಗಿ ಉಳಿದವು. ಮಿಲಾರ್ಡೆ ಎಂಬ ಪ್ರೊಫೆಸರ್ ಅದನ್ನು ಕಂಡು, ಪ್ರಯೋಗ ಮಾಡಿ, 1885ರಲ್ಲಿ ಮಿಶ್ರಣವನ್ನು ಹೊರಗೆ ತಂದ. ರಸ್ತೆ ಬದಿ ಅಂದರೆ ನನಗೆ ಧೂಳು ಮಾತ್ರ ಕಂಡಿತ್ತು, ಅವನಿಗೆ ಬೋರ್ಡೋ ಕಂಡಿತು.

ಅಮಾವಾಸ್ಯೆ ಬಗ್ಗೆಯೂ ಕೇಳುತ್ತಾರೆ. ಅಮಾವಾಸ್ಯೆ ದಿನ ನಾನೂ ಗಳೆ ಹೂಡುವುದಿಲ್ಲ. ಎತ್ತಿಗೂ ಆಳಿಗೂ ತಿಂಗಳಿಗೊಂದು ರಜೆ ಸಿಗುತ್ತದೆ. ಇದಕ್ಕೆ ಯಾವ ಪರೀಕ್ಷೆಯೂ ಬೇಡ.

ನನಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಬೋರಿನ ವಿಷಯ. ಕಾಕಾ ನೀರು ನೋಡುವವರನ್ನು ಕರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನಡೆದರು, ಕಾಯಿ ಎದ್ದು ನಿಂತಿತು, ಅಲ್ಲೇ ಗೂಟ ಬಡಿದರು. ಕಣ್ಣು ಕಟ್ಟಿಕೊಂಡು ಇನ್ನೊಮ್ಮೆ ನಡೆಯಿರಿ ಅಂದೆ. ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಎರಡನೇ ಸಲ ಕಾಯಿ ಎದ್ದಿದ್ದು ಮೂವತ್ತು ನಲವತ್ತು ಹೆಜ್ಜೆ ಆಚೆ. ಕಣ್ಣು ಕಟ್ಟಿದರೆ ಶಕ್ತಿ ಬರುವುದಿಲ್ಲ ಅಂದರು. ಕಾಕಾ ನನ್ನನ್ನು ಅಲ್ಲಿಂದ ಕಳಿಸಿ ಮೊದಲ ಗೂಟದ ಹತ್ತಿರವೇ ಕೊರೆಸಿದರು. ನಾನೂರು ಫುಟ್ ದಾಟಿದ ಮೇಲೆ ಎರಡು ಇಂಚು ನೀರು ಬಂತು. ಇಡೀ ಓಣಿಗೆ ಸಿಹಿ ಹಂಚಿದರು, ನನಗೆ ಎರಡು ಪೇಡೆ ಜಾಸ್ತಿ.

ನಮ್ಮ ಕಡೆ ಕೆಳಗೆ ಕಪ್ಪು ಕಲ್ಲಿನ ಪದರಗಳು. ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಧೂಳು. ಸುತ್ತಲಿನವರನ್ನು ಕೇಳಿದೆ. ಕೊರೆಸಿದ ದಿನ ಅಷ್ಟೋ ಇಷ್ಟೋ ನೀರು ಕಂಡ ಬೋರ್‌ಗಳೇ ಮುಕ್ಕಾಲು ಪಾಲು. ಮೇ ತನಕ ಬಾಳುವವು ಬಹಳ ಕಡಿಮೆ. ಆದರೆ ಒಂದೇ ತೊಂದರೆ. ಎಲ್ಲರೂ ಯಾರನ್ನಾದರೂ ಕರೆಸಿ ತೋರಿಸಿಯೇ ಕೊರೆಸಿದ್ದಾರೆ. ಇಡೀ ಸೀಮೆಯಲ್ಲಿ ಬಿಟ್ಟ ಸಾಲೇ ಇಲ್ಲ. ಹೋಲಿಸುವುದು ಯಾವುದಕ್ಕೆ?

ಕಾಕಾ ಈಗ ಇನ್ನೊಂದು ಬೋರ್ ಹಾಕಿಸಬೇಕು ಅನ್ನುತ್ತಿದ್ದಾರೆ. ಈ ಸಲ ಜಾಗವನ್ನು ಮಗಳ ಚೀಟಿಯಿಂದ ಆರಿಸೋಣ ಅಂದೆ. ಒಂದು ಬೋರಿನಿಂದ ಏನೂ ತೀರ್ಮಾನ ಆಗುವುದಿಲ್ಲ ಅನ್ನುವುದು ನನಗೂ ಗೊತ್ತು, ಆದರೂ ಎಲ್ಲಿಂದಾದರೂ ಶುರು ಆಗಬೇಕಲ್ಲ. ಫುಟ್‌ಗೆ ನೂರರ ಮೇಲಿದೆ ರೇಟು, ಕೇಸಿಂಗ್ ಬೇರೆ. "ಚೀಟಿ ಬೋರಿನ ರೊಕ್ಕ ನೀನ ಕೊಡಪಾ" ಅಂದರು. ಅರ್ಧರ್ಧ ಹಾಕೋಣ ಅಂತ ಕೇಳಿದ್ದೇನೆ. ದೀಪಾವಳಿ ಆಗಲಿ, ನೋಡೋಣ ಅಂದಿದ್ದಾರೆ.