200 ಇದ್ದಿದ್ದು 60 ಆಯ್ತು, ಆದ್ರೆ ಕಾಯಿಲೆ ಇಳಿದಿರ್ಲಿಲ್ಲ

ಲ್ಯಾಬಲ್ಲಿ ಲೈಟ್ ಆಫ್ ಮಾಡ್ಕೊಂಡು ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಮುಂದೆ ಕೂರೋದೇ ನನ್ನ ಕೆಲಸ. ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿ ಬೀಳೋ ಕಾಯಿಲೆ) ಡೌಟ್ ಅಂತ ಸ್ಯಾಂಪಲ್ ಬಂದ್ರೆ ಮೊದಲು ಎಎನ್‌ಎ, ಅಂದ್ರೆ ಸೆಲ್ ನ್ಯೂಕ್ಲಿಯಸ್‌ಗೆ ಅಂಟೋ ಆಂಟಿಬಾಡಿ ಇದೆಯಾ ಅಂತ ಹೆಪ್-2 ಅನ್ನೋ ಲ್ಯಾಬ್ ಸೆಲ್ಸ್ ಮೇಲೆ ನೋಡೋ ಟೆಸ್ಟ್. ಪಾಸಿಟಿವ್ ಬಂತು ಅಂದ ಮಾತ್ರಕ್ಕೆ ಲೂಪಸ್ ಅಲ್ಲ, 1:40 ಡೈಲ್ಯೂಷನ್‌ಗೆ (ಸೀರಮ್ ಎಷ್ಟು ತೆಳು ಮಾಡಿದೀವಿ ಅನ್ನೋ ಲೆಕ್ಕ) ಚೆನ್ನಾಗಿರೋರಲ್ಲೇ ನೂರಕ್ಕೆ ಸುಮಾರು 30 ಜನ ಹೊಳೀತಾರೆ, 1:160ಕ್ಕೆ ಹೋದ್ರೆ ಸುಮಾರು 5. ಅದಕ್ಕೇ ಟೈಟರ್ (ಎಷ್ಟು ತೆಳು ಮಾಡೋವರೆಗೂ ಹೊಳೀತು), ಪ್ಯಾಟರ್ನ್ (ಹೇಗೆ ಹೊಳೀತು) ಎರಡೂ ಬರೀದೆ ರಿಪೋರ್ಟ್ ಬಿಡಲ್ಲ ನಾನು.

ಆಮೇಲೆ ಆಂಟಿ ಡಿಎಸ್‌ಡಿಎನ್‌ಎ, ಅಂದ್ರೆ ಜೋಡಿ ಎಳೆ ಡಿಎನ್‌ಎ ವಿರುದ್ಧದ ಆಂಟಿಬಾಡಿ. ಎಲೈಸಾದಲ್ಲಿ (ನಂಬರ್ ಕೊಡೋ ಪ್ಲೇಟ್ ಟೆಸ್ಟ್) ಬಾರ್ಡರ್‌ಲೈನ್ ಬಂದ್ರೆ ಕ್ರಿಥಿಡಿಯಾ ಸ್ಲೈಡ್ ಹಾಕ್ತೀನಿ. ಅದೊಂದು ಬಾಲ ಇರೋ ಪುಟ್ಟ ಜೀವಿ, ಬಾಲದ ಬುಡದ ಹತ್ರ ಕೈನೆಟೋಪ್ಲಾಸ್ಟ್ ಅಂತ ಒಂದು ಚುಕ್ಕೆ, ಅದರಲ್ಲಿ ಬರೀ ಡಿಎನ್‌ಎ ಗಂಟು. ಆ ಚುಕ್ಕೆ ಹೊಳೆದ್ರೇನೇ ಪಾಸಿಟಿವ್, ನ್ಯೂಕ್ಲಿಯಸ್ ಒಂದೇ ಎಷ್ಟು ಹೊಳೆದ್ರೂ ಲೆಕ್ಕಕ್ಕಿಲ್ಲ. ಹೊಸದ್ರಲ್ಲಿ ನಾನೂ ನ್ಯೂಕ್ಲಿಯಸ್ ನೋಡಿ ಪಾಸಿಟಿವ್ ಅಂತ ಬರೆದು ಸೀನಿಯರ್ ಹತ್ರ ಬೈಸ್ಕೊಂಡಿದೀನಿ.

ಆದ್ರೆ ನಿಜವಾಗ್ಲೂ ಪಾಠ ಕಲ್ತಿದ್ದು ಫಾಲೋಅಪ್‌ನಲ್ಲಿ. ಒಬ್ರು ಪೇಷಂಟ್‌ದು ಡಿಎಸ್‌ಡಿಎನ್‌ಎ 200 ಮೇಲಿದ್ದಿದ್ದು ಮುಂದಿನ ಸಲ 60 ಬಂತು, ಡಾಕ್ಟ್ರು ಸ್ಟೀರಾಯ್ಡ್ ಇಳಿಸೋಣ ಅಂದ್ಕೊಂಡವ್ರು ಸಿ3 ಸಿ4 (ಲೂಪಸ್ ಜೋರಾದಾಗ ರಕ್ತದಲ್ಲಿ ಕಮ್ಮಿ ಆಗೋ ಪ್ರೋಟೀನ್‌ಗಳು) ಇನ್ನೂ ಕಮ್ಮಿನೇ ಇದೆ, ಯೂರಿನ್ನಲ್ಲಿ ಪ್ರೋಟೀನ್ ಬೇರೆ ಜಾಸ್ತಿ ಆಗ್ತಿದೆ, ಇದೇನು ಹೀಗೆ ಅಂತ ಫೋನ್ ಮಾಡಿ ಕೇಳಿದ್ರು. ನೋಡಿದ್ರೆ ಮಧ್ಯದಲ್ಲಿ ನಾವು ಕಿಟ್ ಬದಲಾಯಿಸಿದ್ವಿ, ನಾನು ರಿಪೋರ್ಟಲ್ಲಿ ಒಂದು ಲೈನ್ ಕೂಡ ಬರೆದಿರ್ಲಿಲ್ಲ! ಯೂನಿಟ್ ಒಂದೇ ಅಂತ ಅಚ್ಚಾಗಿದ್ರೂ ಒಂದು ಕಂಪನಿ ಕಿಟ್ ನಂಬರ್ ಇನ್ನೊಂದಕ್ಕೆ ತಾಳೆ ಆಗಲ್ಲ. ಫ್ರೀಜರಲ್ಲಿದ್ದ ಹಳೇ ಸೀರಮ್ ತೆಗೆದು ಹೊಸದರ ಜೊತೆ ಒಂದೇ ಪ್ಲೇಟಲ್ಲಿ ಅಕ್ಕಪಕ್ಕ ಹಾಕಿದೆ, ಎರಡೂ ಹೆಚ್ಚುಕಮ್ಮಿ ಒಂದೇ ಬಂತು. ಇಳಿದಿದ್ದು ಕಿಟ್ಟಿಂದು, ಕಾಯಿಲೆದಲ್ಲ.

ಅವತ್ತಿಂದ ಲೂಪಸ್ ಪೇಷಂಟ್ ಸೀರಮ್ ಸ್ವಲ್ಪ ಎತ್ತಿಟ್ಟಿರ್ತೀನಿ, ಕಿಟ್ ಬದಲಾದ್ರೆ ಹಳೇದು ಹೊಸದು ಜೊತೆಗೇ ಓಡಿಸಿ ರಿಪೋರ್ಟಲ್ಲಿ ಬರೀತೀನಿ. ಕೆಲವ್ರಿಗೆ ಡಿಎಸ್‌ಡಿಎನ್‌ಎ ಏರಿದ್ರೂ ಏನೂ ತೊಂದ್ರೆ ಇರಲ್ಲ, ಹಾಗಾಗಿ ಸಿ3 ಸಿ4 ಯೂರಿನ್ ಇಲ್ದೆ ಆ ನಂಬರ್ ಒಂದನ್ನೇ ನಂಬಲ್ಲ. ಆಂಟಿ ಸ್ಮಿತ್ (ಹೆಚ್ಚಾಗಿ ಲೂಪಸ್‌ನಲ್ಲೇ ಸಿಗೋ ಇನ್ನೊಂದು ಆಂಟಿಬಾಡಿ) ಒಂದ್ಸಲ ಪಾಸಿಟಿವ್ ಬಂದ್ರೆ ಸಾಕು, ಡಯಾಗ್ನೋಸಿಸ್‌ಗೆ ಗಟ್ಟಿ, ಫಾಲೋಅಪ್‌ಗೆ ಉಪಯೋಗ ಇಲ್ಲ. ಎಎನ್‌ಎನೂ ಅಷ್ಟೇ, ಆದ್ರೂ ಮೂರು ತಿಂಗಳಿಗೊಮ್ಮೆ ರಿಪೀಟ್ ಎಎನ್‌ಎ ಅಂತ ಚೀಟಿ ಬರ್ತಾನೇ ಇರುತ್ತೆ, ನಾನೂ ಫೋನ್ ಮಾಡಿ ಬೇಡ ಸಾರ್, ಸಿ3 ಸಿ4 ಬರೀರಿ ಅಂತಾನೇ ಇರ್ತೀನಿ.