ಹಡಗಿನಲ್ಲಿ ಡಾಕ್ಟರ್ ಇಲ್ಲ, ಔಷಧಿ ಬೀರುವಿನ ಕೀಲಿ ನನ್ನ ಹತ್ತಿರ

ನಾನು ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್. ಊರು ಕುಮಟಾ ಹತ್ತಿರ. ಹಡಗು ಹೋಗುವ ದಾರಿಯನ್ನು ಚಾರ್ಟಿನಲ್ಲಿ ಗುರುತು ಹಾಕುವುದು, ಹನ್ನೆರಡರಿಂದ ನಾಲ್ಕರ ವಾಚ್, ಅಂದರೆ ಹಡಗು ನಡೆಸುವ ಪಾಳಿ, ನಿಲ್ಲುವುದು ನನ್ನ ಕೆಲಸ. ಇದರ ಜೊತೆಗೆ ಇನ್ನೊಂದು ಕೆಲಸವೂ ನನ್ನ ತಲೆಯ ಮೇಲಿದೆ. ಹಡಗಿನಲ್ಲಿ ಯಾರಿಗೆ ಏನು ಕಾಯಿಲೆ ಬಂದರೂ ಮೊದಲು ನೋಡುವವನು ನಾನೇ.

"ಅಲ್ಲಿ ಡಾಕ್ಟರ್ ಇರೋದಿಲ್ವಾ?" ಅಂತ ಅಮ್ಮ ಗಾಬರಿಯಿಂದ ಕೇಳಿದ್ದರು. ಇರುವುದಿಲ್ಲ. ನಮಗೆಲ್ಲ ಅನ್ವಯಿಸುವುದು 2006ರ ಸಾಗರ ಕಾರ್ಮಿಕ ಒಪ್ಪಂದ. ನಾವು ಅದನ್ನು ಎಂಎಲ್‌ಸಿ ಅನ್ನುತ್ತೇವೆ. ಅದು ಜಾರಿಗೆ ಬಂದದ್ದು 2013ರ ಆಗಸ್ಟ್‌ನಲ್ಲಿ. ಭಾರತ 2015ರಲ್ಲಿ ಒಪ್ಪಿಕೊಂಡಿತು. 100 ಅಥವಾ ಅದಕ್ಕಿಂತ ಜಾಸ್ತಿ ಜನರಿದ್ದು, ಮೂರು ದಿನ ಮೀರುವ ಅಂತರರಾಷ್ಟ್ರೀಯ ಪ್ರಯಾಣ ಮಾಡುವ ಹಡಗಿಗೆ ಮಾತ್ರ ಡಾಕ್ಟರ್ ಕಡ್ಡಾಯ. ಧಾನ್ಯ, ಅದಿರಿನಂಥ ಸರಕನ್ನು ಹಾಗೇ ಸುರಿದು ತುಂಬುವ ನಮ್ಮಂಥ ಬಲ್ಕ್ ಕ್ಯಾರಿಯರ್‌ನಲ್ಲಿ ಇರುವುದು 22 ಜನ. ಹಾಗಾಗಿ ತರಬೇತಿ ಪಡೆದ ಒಬ್ಬ ಸಿಬ್ಬಂದಿ ಸಾಕು. 15 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇದ್ದು ಪ್ರಯಾಣ ಮೂರು ದಿನ ದಾಟಿದರೆ ಪ್ರತ್ಯೇಕ ಆಸ್ಪತ್ರೆ ಕೋಣೆ ಇರಲೇಬೇಕು. ಅದನ್ನು ಬೇರೆ ಯಾವುದಕ್ಕೂ ಬಳಸುವ ಹಾಗಿಲ್ಲ.

ಮುಂಬೈಯಲ್ಲಿ ಮೆಡಿಕಲ್ ಕೇರ್ ಕೋರ್ಸ್ ಮಾಡಿದೆ. ಇಂಜೆಕ್ಷನ್ ಕೊಡುವುದು, ಹೊಲಿಗೆ ಹಾಕುವುದು, ಸಲೈನ್ ಏರಿಸುವುದು ಕಲಿತೆ. ಪ್ರಮಾಣಪತ್ರ ಸಿಕ್ಕಿತು. ಧೈರ್ಯ ಬರಲಿಲ್ಲ.

ಮೊದಲ ಬಾರಿ ಕೀಲಿ ಕೈಗೆ ಬಂದಾಗ ಬೀರು ತೆರೆದು ಎರಡು ದಿನ ಕೂತೆ. ಪಟ್ಟಿಯಲ್ಲಿ ಇರುವುದೆಲ್ಲ ಬೀರುವಿನಲ್ಲೂ ಇದೆಯಾ, ಅವಧಿ ಮುಗಿದಿದೆಯಾ ಅಂತ ಒಂದೊಂದಾಗಿ ನೋಡಿದೆ. ಔಷಧಿ ಪೆಟ್ಟಿಗೆಯನ್ನು 12 ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು. ನಮ್ಮದು ಆಗಿತ್ತು, ಸಹಿಯೂ ಇತ್ತು. ಆದರೆ ದೊಡ್ಡ ಆಕ್ಸಿಜನ್ ಸಿಲಿಂಡರ್ ತೆರೆಯುವ ಸ್ಪ್ಯಾನರ್ ಮಾತ್ರ ಇರಲಿಲ್ಲ. ಸಿಲಿಂಡರ್ ತುಂಬಿದೆ, ಮಾಸ್ಕ್ ಇದೆ, ತೆರೆಯಲು ಆಗುವುದಿಲ್ಲ! ಇಂಜಿನ್ ರೂಮಿನ ಫಿಟ್ಟರ್ ಹತ್ತಿರ ಒಂದು ಮಾಡಿಸಿ, ಸಿಲಿಂಡರಿಗೇ ದಾರ ಕಟ್ಟಿ ನೇತು ಹಾಕಿದೆ. ಆವತ್ತಿನಿಂದ ನಾನು ಯಾವ ಹಡಗು ಹತ್ತಿದರೂ ಪಟ್ಟಿಗೆ ಟಿಕ್ ಹಾಕಿ ಸುಮ್ಮನಾಗುವುದಿಲ್ಲ. ಪ್ರತಿಯೊಂದು ಸಲಕರಣೆಯನ್ನೂ ಒಮ್ಮೆ ಬಳಸಿಯೇ ನೋಡುತ್ತೇನೆ.

ಸಾಮಾನು ಸರಿ ಮಾಡುವುದು ಸುಲಭ. ಜನ ನನ್ನ ಹತ್ತಿರ ಬರುವಂತೆ ಮಾಡುವುದು ಕಷ್ಟ.

ಬ್ರೆಜಿಲ್‌ನಿಂದ ಸೋಯಾ ತುಂಬಿಕೊಂಡು ಚೀನಾ ಕಡೆ ಹೋಗುತ್ತಿದ್ದೆವು. ಕೇಪ್ ಆಫ್ ಗುಡ್ ಹೋಪ್ ದಾಟಿ ಹಿಂದೂ ಮಹಾಸಾಗರದ ನಡುವೆ ಇದ್ದೆವು. ಬೆಳಗಿನ ಜಾವ ನಾಲ್ಕಕ್ಕೆ ವಾಚ್ ಮುಗಿಸಿ ಇಳಿದರೆ ಫಿಟ್ಟರ್ ಬಾಗಿಲಲ್ಲಿ ನಿಂತಿದ್ದ. "ಸೆಕೆಂಡ್ ಸಾಬ್, ಆಯ್ಲರ್ ಎದ್ದೇಳ್ತಾ ಇಲ್ಲ."

ಆಯ್ಲರ್ ಅಂದರೆ ಇಂಜಿನ್ ರೂಮಿನ ಕೆಲಸಗಾರ, ಕುಂದಾಪುರ ಕಡೆಯ ಹುಡುಗ. ಕಾಲು ಮಡಚಿಕೊಂಡು, ಬೆವರಿ ಒದ್ದೆಯಾಗಿ ಮಲಗಿದ್ದ. ಹಿಂದಿನ ದಿನ ಬೆಳಗ್ಗೆಯಿಂದ ಹೊಟ್ಟೆನೋವಂತೆ. ಮೊದಲು ಹೊಕ್ಕುಳ ಸುತ್ತ, ಆಮೇಲೆ ಬಲಕ್ಕೆ ಕೆಳಗೆ ಇಳಿದಿತ್ತು. ಆ ಜಾಗ ಮೆಲ್ಲಗೆ ಒತ್ತಿ ಕೈ ತೆಗೆದೆ. ಒತ್ತಿದಾಗ ಕೂಗಿದ್ದಕ್ಕಿಂತ ಕೈ ಬಿಟ್ಟಾಗ ಜೋರಾಗಿ ಕೂಗಿದ. ಜ್ವರ ಇತ್ತು, ಎರಡು ಸಲ ವಾಂತಿ ಆಗಿತ್ತು. ಅಪೆಂಡಿಕ್ಸ್ ಇರಬೇಕು ಅನ್ನಿಸಿ ನನ್ನ ಎದೆ ಧಸಕ್ಕೆಂದಿತು.

ಕ್ಯಾಪ್ಟನ್‌ರನ್ನು ಎಬ್ಬಿಸಿ ಸ್ಯಾಟಲೈಟ್ ಫೋನಿನಲ್ಲಿ ರೋಮ್‌ನ ಸಿಐಆರ್‌ಎಂಗೆ ಕರೆ ಮಾಡಿದೆವು. ಸಮುದ್ರದಲ್ಲಿರುವ ಹಡಗುಗಳಿಗೆ ದೂರದಿಂದಲೇ ವೈದ್ಯ ಸಲಹೆ ಕೊಡುವ, 1935ರಲ್ಲಿ ಶುರುವಾದ ಕೇಂದ್ರ ಅದು. ರೇಡಿಯೋದ ಮಾರ್ಕೋನಿಯೇ ಅದರ ಮೊದಲ ಅಧ್ಯಕ್ಷ. ಯಾವ ದೇಶದ ಬಾವುಟದ ಹಡಗಾದರೂ ಸರಿ, ಹಗಲು ರಾತ್ರಿ ಉಚಿತವಾಗಿ ವೈದ್ಯ ಸಲಹೆ ಸಿಗಬೇಕು ಅಂತ ಎಂಎಲ್‌ಸಿಯಲ್ಲೇ ಇದೆ. ಆ ಸಾಲನ್ನು ಪರೀಕ್ಷೆಗೆ ಓದಿದ್ದೆ. ಅದರ ಬೆಲೆ ತಿಳಿದದ್ದು ಆ ಬೆಳಗಿನ ಜಾವ, ಫೋನಿನ ಆ ಕಡೆಯಿಂದ ಒಬ್ಬ ಡಾಕ್ಟರ್ ದನಿ ಕೇಳಿದಾಗ.

ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರ ನನ್ನ ಕೈಯಲ್ಲಿದ್ದ ಫಾರ್ಮಿನಲ್ಲಿತ್ತು. ನಾಡಿ, ಬಿಪಿ, ಜ್ವರ, ಅಲರ್ಜಿ, ಹಿಂದಿನ ಕಾಯಿಲೆ. ಕರೆ ಮಾಡುವ ಮೊದಲು ಹತ್ತು ನಿಮಿಷ ಕೂತು ಅದನ್ನು ತುಂಬಿಸಿ, ಇದು ನನ್ನ ಗಟ್ಟಿ ಸಲಹೆ. ಆಮೇಲೆ ಅವರು ಕೇಳಿದ್ದು: ಎಂಥಾ ನೋವು? ಹುಡುಗನಿಗೆ ಹಿಂದಿ, ಇಂಗ್ಲಿಷ್‌ನಲ್ಲಿ ಕೇಳಿದರೆ "ಪೇನ್, ಪೇನ್" ಅಷ್ಟೇ. ಕನ್ನಡದಲ್ಲಿ ಕೇಳಿದೆ. ಚುಚ್ಚುತ್ತಾ, ಹಿಂಡುತ್ತಾ, ಕಿವುಚುತ್ತಾ, ಉರಿಯಾ? "ನಿನ್ನೆ ಕಿವುಚಿದ ಹಾಗೆ ಇತ್ತು, ಈಗ ಒಂದೇ ಕಡೆ ಚುಚ್ಚುತ್ತಾ ಇದೆ" ಅಂದ. ಅದನ್ನೇ ಡಾಕ್ಟರಿಗೆ ಹೇಳಿದೆ. ಅಪೆಂಡಿಕ್ಸ್ ಅಂತಲೇ ತಿಳಿದು ನಡೆಯಿರಿ ಅಂದರು.

ಬಾಯಿಗೆ ಏನೂ ಇಲ್ಲ. ಸಲೈನ್, ಅವರು ಹೇಳಿದ ಪ್ರಮಾಣದಲ್ಲಿ ಆಂಟಿಬಯೋಟಿಕ್, ಪ್ರತಿ ಗಂಟೆಗೆ ನಾಡಿ, ಜ್ವರ ಬರೆದಿಡುವುದು. ಕ್ಯಾಪ್ಟನ್ ಮಾರಿಷಸ್‌ನ ಪೋರ್ಟ್ ಲೂಯಿ ಕಡೆ ಹಡಗು ತಿರುಗಿಸಿದರು. 820 ನಾಟಿಕಲ್ ಮೈಲಿ, 12 ನಾಟ್ (ಗಂಟೆಗೆ 12 ನಾಟಿಕಲ್ ಮೈಲಿ) ವೇಗದಲ್ಲಿ ಸುಮಾರು 68 ಗಂಟೆ. ಅಷ್ಟು ದೂರಕ್ಕೆ ಹೆಲಿಕಾಪ್ಟರ್ ಬರುವುದಿಲ್ಲ. ದಿನಕ್ಕೆ ಎರಡು ಸಲ ಡಾಕ್ಟರ್ ಜೊತೆ ಮಾತು. ನನ್ನ ವಾಚ್ ಹೊತ್ತಿಗೆ ಥರ್ಡ್ ಆಫೀಸರ್ ಹುಡುಗನ ಪಕ್ಕ ಕೂತ.

ಎರಡನೇ ರಾತ್ರಿ ಜ್ವರ ಸ್ವಲ್ಪ ಇಳಿಯಿತು. ಆಗ ಕೇಳಿದೆ, "ಒಂದು ದಿನ ಪೂರ್ತಿ ಯಾಕೋ ಸುಮ್ನೆ ಇದ್ದೆ?" ಹಿಂದಿನ ಕಂಪನಿಯಲ್ಲಿ ಇವನ ಜೊತೆಗಾರನೊಬ್ಬ ಕಾಯಿಲೆ ಅಂತ ಮನೆಗೆ ಹೋಗಿದ್ದನಂತೆ. ಮತ್ತೆ ಅವನನ್ನು ಕರೆಯಲೇ ಇಲ್ಲವಂತೆ. "ತಂಗಿ ಮದುವೆ ಸಾಲ ಇದೆ ಸಾಬ್." ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೆ ತನ್ನ ಹಕ್ಕು ಏನು ಅಂತ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಪೋರ್ಟ್ ಲೂಯಿಯ ಹೊರಗೆ ಲಾಂಚ್ (ಚಿಕ್ಕ ಮೋಟಾರು ದೋಣಿ) ಬಂತು. ಅಲೆ ಜಾಸ್ತಿ ಇತ್ತು. ಸ್ಟ್ರೆಚರಿಗೆ ಕಟ್ಟಿ ಇಳಿಸಿದೆವು, ನಾನು ಬರೆದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಅವನ ಎದೆಯ ಮೇಲಿಟ್ಟೆ. ಅದೇ ದಿನ ಆಪರೇಷನ್ ಆಯಿತು. ಹುಡುಗ ಉಳಿದ.

ಅದಾದ ಮೇಲೆ ನನ್ನ ರೀತಿ ಬದಲಾಯಿತು. ಹಡಗು ಹತ್ತಿದ ಮೊದಲ ಭಾನುವಾರ ಮೆಸ್‌ರೂಮಿನಲ್ಲಿ ಎಲ್ಲರನ್ನೂ ಕೂರಿಸಿ ನಿಯಮ ಓದಿ ಹೇಳುತ್ತೇನೆ. ನೀನು ಇಲ್ಲಿ ಕೆಲಸದಲ್ಲಿರುವಾಗ ಬಂದ ಕಾಯಿಲೆಯ ಖರ್ಚು ಹಡಗಿನ ಮಾಲೀಕರದ್ದು. ಕಾಯಿಲೆಯಿಂದ ಇಳಿಸಿದರೂ ಆ ಹೊಣೆ ತಕ್ಷಣ ಮುಗಿಯುವುದಿಲ್ಲ. ಕಾಯಿಲೆ ಶುರುವಾದ ದಿನದಿಂದ ಕಡಿಮೆ ಅಂದರೂ 16 ವಾರ ಅಂತ ಒಪ್ಪಂದದಲ್ಲಿದೆ. ಬಂದರಿನಲ್ಲಿ ಸಾಧ್ಯವಿರುವ ಕಡೆ ತಡಮಾಡದೆ ಡಾಕ್ಟರ್ ಅಥವಾ ಹಲ್ಲಿನ ಡಾಕ್ಟರ್ ಹತ್ತಿರ ಹೋಗುವುದು ನಿನ್ನ ಹಕ್ಕು. ನಾನು ತುಂಬುವ ಫಾರ್ಮ್ ಗುಟ್ಟಿನದು, ಚಿಕಿತ್ಸೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವ ಹಾಗಿಲ್ಲ. ಈ ಕೊನೆಯ ಮಾತು ಹೇಳಿದಾಗ ಒಬ್ಬಿಬ್ಬರಾದರೂ ತಲೆ ಎತ್ತಿ ನೋಡುತ್ತಾರೆ.

ಇನ್ನೊಂದನ್ನೂ ಹೇಳಲೇಬೇಕು, ಕೇಳಲು ಕಹಿ. ಕೆಲಸಕ್ಕೆ ಸೇರುವಾಗ ಬೇಕಂತಲೇ ಮುಚ್ಚಿಟ್ಟ ಕಾಯಿಲೆಗೆ ಮಾಲೀಕರು ಹೊಣೆಯಿಂದ ಜಾರಿಕೊಳ್ಳಬಹುದು. ಒಬ್ಬ ಬೋಸನ್ (ಡೆಕ್ ಕೆಲಸಗಾರರ ಮುಖ್ಯಸ್ಥ) ಬಿಪಿ ಮಾತ್ರೆಯನ್ನು ವಿಟಮಿನ್ ಡಬ್ಬಿಯಲ್ಲಿಟ್ಟು ತಂದಿದ್ದ. ಮೆಡಿಕಲ್ ಪರೀಕ್ಷೆಯ ದಿನ ಎರಡು ಮಾತ್ರೆ ನುಂಗಿ ಹೋಗಿದ್ದನಂತೆ. ಬಿಪಿ ಹತೋಟಿಯಲ್ಲಿದ್ದರೆ ಎಷ್ಟೋ ಜನರಿಗೆ ಫಿಟ್ ಅಂತಲೇ ಕೊಡುತ್ತಾರೆ. ಕೊಡದಿದ್ದರೆ ಬೇರೆ ಸ್ವತಂತ್ರ ಡಾಕ್ಟರ್ ಹತ್ತಿರ ಮತ್ತೆ ಪರೀಕ್ಷೆ ಕೇಳುವ ಹಕ್ಕಿದೆ. ಮುಚ್ಚಿಟ್ಟರೆ ಹೆಂಡತಿ ಮಕ್ಕಳಿಗೆ ಬರಬೇಕಾದ ದುಡ್ಡೂ ಹೋಗಬಹುದು, ಅಲ್ವಾ?

2020ರಲ್ಲಿ ಕೋವಿಡ್ ಬಂದಾಗ ಒಂದು ಬಂದರಿನಲ್ಲಿ ಹಲ್ಲುನೋವಿನವನನ್ನು ಕೂಡ ಇಳಿಯಲು ಬಿಡಲಿಲ್ಲ. ಮುಖ ಊದಿಕೊಂಡು ಎರಡು ವಾರ ನರಳಿದ. ಆ ದಿನಗಳು ಇನ್ನೂ ನೋವು ಕೊಡುತ್ತವೆ. ತುರ್ತು ಚಿಕಿತ್ಸೆ ಬೇಕಾದವರನ್ನು ತಡಮಾಡದೆ ದಡಕ್ಕೆ ಇಳಿಸಿಕೊಳ್ಳಬೇಕು ಅಂತ ಒಪ್ಪಂದಕ್ಕೆ ಹೊಸ ಮಾತು ಸೇರಿಸಿದ್ದಾರೆ. ಅದು 2024ರ ಡಿಸೆಂಬರ್ 23ರಿಂದ ಜಾರಿಯಲ್ಲಿದೆ. ಅದನ್ನೂ ಓದಿ ಹೇಳುತ್ತೇನೆ.

ಆಸ್ಪತ್ರೆ ಕೋಣೆಯ ಗೋಡೆಗೆ ಈಗ ಒಂದು ಹಾಳೆ ಅಂಟಿಸುತ್ತೇನೆ. ನೋವಿನ ಮಾತುಗಳ ಪಟ್ಟಿ. ಕನ್ನಡ, ಹಿಂದಿ, ಇಂಗ್ಲಿಷ್. ಕಳೆದ ಹಡಗಿನಲ್ಲಿ ಫಿಲಿಪೀನ್ಸ್‌ನ ಅಡುಗೆಯವರು ಪೆನ್ನು ಕೇಳಿ ಟಗಾಲೋಗ್ ಸಾಲು ಸೇರಿಸಿದರು. ಕಿರೋತ್ ಅಂದರೆ ಮಿಡಿಯುವ ನೋವು, ಹಪ್ದಿ ಅಂದರೆ ಉರಿ. ಮರುದಿನ ಊಟದ ಕೆಲಸ ಮುಗಿಸಿ ಅವರೇ ಮತ್ತೆ ಬಂದರು. ಬಾಗಿಲು ಹಾಕಿ, ಎದೆಯ ಕೆಳಗೆ ಕೈಯಿಟ್ಟು, "ಹಪ್ದಿ, ಮೂರು ತಿಂಗಳಾಯ್ತು" ಅಂದರು. ನಾನು ಫಾರ್ಮ್ ತೆಗೆದುಕೊಂಡು ಅವರ ಎದುರು ಕೂತೆ.