ತಾರಸಿ ನೀರು ಯುಜಿಡಿಗೆ ಬೇಡ: ಇಂಗುಬಾವಿ ಮಾಡುವ ಸರಿಯಾದ ಕ್ರಮ

ಜೋರು ಮಳೆ ಹಿಡಿದ ಅರ್ಧ ಗಂಟೆಗೆ ಕೋಲಾರದ ತಗ್ಗಿನ ಬೀದಿಗಳಲ್ಲಿ ಮ್ಯಾನ್‌ಹೋಲ್ ಮುಚ್ಚಳ ಮೇಲೇಳುತ್ತದೆ. ಬೈಗುಳವೆಲ್ಲ ನಗರಸಭೆಗೆ. ಆದರೆ ಅದರಲ್ಲಿ ನಮ್ಮ ತಾರಸಿಗಳ ಪಾಲೂ ಇದೆ. ಮನೆ ಕಟ್ಟುವಾಗ ಮಳೆನೀರಿನ ಪೈಪನ್ನು ಹತ್ತಿರ ಸಿಕ್ಕ ಯುಜಿಡಿ (ಒಳಚರಂಡಿ) ಚೇಂಬರಿಗೆ ತಿರುಗಿಸಿ ಪ್ಲಂಬರ್ ಕೈತೊಳೆದುಕೊಂಡಿರುತ್ತಾನೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 30x40 ನಿವೇಶನದ ತುಂಬಾ ಕಟ್ಟಿದ ಮನೆಯ ತಾರಸಿ 111 ಚದರ ಮೀಟರ್. ಗಂಟೆಗೆ 30 ಮಿ.ಮೀ. ಸುರಿದರೆ 3,330 ಲೀಟರ್. ನಾಲ್ಕು ಜನರ ಮನೆ, ತಲೆಗೆ ದಿನಕ್ಕೆ 135 ಲೀಟರ್ ಎಂದರೂ 540 ಲೀಟರ್. ಅಂದರೆ ಆರು ದಿನದ ಬಚ್ಚಲು ನೀರಿನಷ್ಟು ಒಂದೇ ಗಂಟೆಯಲ್ಲಿ ಆ ಪೈಪಿಗೆ ನುಗ್ಗುತ್ತದೆ. ಯುಜಿಡಿ ಪೈಪಿನ ಅಳತೆ ಹಾಕಿರುವುದು ಬಚ್ಚಲು, ಶೌಚಾಲಯದ ನೀರಿಗೆ ಮಾತ್ರ. ಉಕ್ಕಿದ ಕೊಳಚೆ ಮೋರಿಗೆ, ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರನ್ನು ಬೆಂಗಳೂರಿನ ಕೊಳೆ ಎಂದು ಮೂಗು ಮುರಿಯುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಈ ನೀರನ್ನು ನೆಲಕ್ಕೆ ಇಳಿಸುವ ಇಂಗುಬಾವಿಗೆ ತಿರುಗಿಸುವುದೇ ದಾರಿ. ಮೊದಲು ನಿಮ್ಮ ನೀರು ಎಲ್ಲಿಗೆ ಹೋಗುತ್ತಿದೆ ನೋಡಿ. ಒಂದು ಬಕೆಟ್ ನೀರಿಗೆ ಎರಡು ಚಮಚ ಅರಿಶಿನ ಕದಡಿ ತಾರಸಿಯ ಕಿಂಡಿಗೆ ಸುರಿಯಿರಿ. ಕೆಳಗೆ ಚೇಂಬರಿನ ಮುಚ್ಚಳ ತೆಗೆದು ಒಬ್ಬರು ನಿಂತಿರಲಿ. ಹಳದಿ ಕಂಡರೆ ಆ ಜೋಡಣೆ ಕತ್ತರಿಸಿ, ಚೇಂಬರಿನ ಕಡೆಯ ತೂತಿಗೆ ಎಂಡ್ ಕ್ಯಾಪ್ ಹಾಕಿ ಮುಚ್ಚಿ.

ತಾರಸಿ ಗುಡಿಸಿ, ಕಿಂಡಿಗಳಿಗೆ ಜಾಲರಿ ಹಾಕಿ. ಅಲ್ಲಿ ಸೋಪಿನಪುಡಿ ಹಾಕಿ ಕಂಬಳಿ ಒಗೆಯುವುದು, ನಾಯಿ ಕಟ್ಟುವುದು ಬಿಡಬೇಕು.

ಬಹಳಷ್ಟು ಮನೆಗಳಲ್ಲಿ ಕೆಡುವುದು ಮೊದಲ ಮಳೆಯ ಕೊಳೆ ಬೇರ್ಪಡಿಸುವ ಹಂತ. ಧೂಳು, ಪಾರಿವಾಳದ ಹಿಕ್ಕೆ, ಕೊಳೆತ ಎಲೆ ಎಲ್ಲ ಮೊದಲ ಒಂದೆರಡು ಮಿ.ಮೀ. ಮಳೆಯಲ್ಲೇ ಇಳಿಯುತ್ತದೆ. 111 ಚದರ ಮೀಟರಿಗೆ ಎರಡು ಮಿ.ಮೀ. ಅಂದರೆ 220 ಲೀಟರ್. ಪ್ಲಂಬರ್ ಮಾಡಿಕೊಡುವುದೇನು? ನಾಲ್ಕು ಇಂಚಿನ ಪೈಪಿನ ಮೂರಡಿ ತುಂಡು, ತುದಿಗೊಂದು ಕ್ಯಾಪ್. ಅದು ಹಿಡಿಯುವುದು ಏಳು ಲೀಟರ್ ಚಿಲ್ಲರೆ. ಅದು ಬರೀ ತೋರಿಕೆಗೆ.

200 ಲೀಟರಿನ, ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡ್ರಮ್ ತನ್ನಿ; ಹಳೆಯದಾದರೂ ಸರಿ, ಕೀಟನಾಶಕ ಅಥವಾ ಆಸಿಡ್ ತುಂಬಿದ್ದು ಮಾತ್ರ ಬೇಡ. ತಾರಸಿಯಿಂದ ಇಳಿಯುವ ಪೈಪಿಗೆ ಡ್ರಮ್ಮಿನ ಮೇಲೆ ಒಂದಡಿ ಎತ್ತರದಲ್ಲಿ ಟೀ (ಮೂರು ಬಾಯಿಯ ಜೋಡಣೆ) ಕೂರಿಸಿ. ನೇರ ಬಾಯಿ ಮುಚ್ಚಳದ ಮೂಲಕ ಡ್ರಮ್ಮಿಗೆ, ಪಕ್ಕದ ಬಾಯಿ ಇಂಗುಬಾವಿಯ ಕಡೆಗೆ. ಡ್ರಮ್ ತುಂಬಿದ ಮೇಲೆ ನೀರು ಪೈಪಿನಲ್ಲಿ ಮೇಲಕ್ಕೇರಿ, ಪಕ್ಕದ ಬಾಯಿಯಿಂದ ತಾನಾಗಿ ಹೊರಳುತ್ತದೆ. ಮುಚ್ಚಳ ಸಡಿಲವಿದ್ದರೆ ನೀರು ಟೀವರೆಗೆ ಏರುವುದೇ ಇಲ್ಲ, ಅಂಗಳಕ್ಕೆ ಚೆಲ್ಲುತ್ತದೆ. ಗಾಳಿ ಹೋಗಲು ಮುಚ್ಚಳದಲ್ಲಿ ಅರ್ಧ ಇಂಚಿನ ಪೈಪು ಹಾಕಿ, ಅದರ ತುದಿ ಟೀಗಿಂತ ಮೇಲಿರಲಿ.

ಡ್ರಮ್ಮಿನ ತಳದ ನಲ್ಲಿಯನ್ನು ಪೂರ್ತಿ ಮುಚ್ಚಬೇಡಿ. 200 ಮಿ.ಲೀ. ಲೋಟ ತುಂಬಲು ಒಂದೂವರೆ ನಿಮಿಷ ಹಿಡಿಯುವಷ್ಟು ತೆರೆದಿಡಿ. ಒಂದೆರಡು ದಿನದಲ್ಲಿ ಡ್ರಮ್ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧವಾಗಿರುತ್ತದೆ. ಆ ನೀರು ಗಿಡಗಳಿಗೆ ಹೋಗಲಿ. ನಲ್ಲಿ ಮುಚ್ಚಿಟ್ಟರೆ ಡ್ರಮ್ ತುಂಬಿಯೇ ಇದ್ದು, ಮುಂದಿನ ಕೊಳೆಯೆಲ್ಲ ನೇರ ಬಾವಿಗೆ. ಅಂಗಡಿಯಲ್ಲಿ ಮಾರುವ ಸಣ್ಣ ಪ್ಲಾಸ್ಟಿಕ್ ಫಿಲ್ಟರನ್ನು ನಂಬಿಕೊಳ್ಳಬೇಡಿ. ಎರಡು ಮಳೆಗೆ ಜಾಲರಿ ಕಟ್ಟಿಕೊಂಡು ನೀರು ಪಕ್ಕಕ್ಕೆ ಉಕ್ಕುತ್ತದೆ, ಆಮೇಲೆ ಮನೆಯವರು ಜಾಲರಿಯನ್ನೇ ಕಿತ್ತೆಸೆಯುತ್ತಾರೆ.

ಸಂಪು ಇದ್ದವರು ಡ್ರಮ್ ದಾಟಿದ ನೀರನ್ನು ಮರಳು, ಜಲ್ಲಿ ಫಿಲ್ಟರ್ ಮೂಲಕ ಮೊದಲು ಸಂಪಿಗೆ ಬಿಟ್ಟು, ಹೆಚ್ಚಾದದ್ದನ್ನು ಬಾವಿಗೆ ಬಿಡಿ. ಈ ಸೀಮೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಮಿತಿಮೀರಿದೆ, ಮಳೆನೀರಿಗೆ ಆ ಕಾಟವಿಲ್ಲ. ಅಡುಗೆಗೆ ಬಳಸುವುದಾದರೆ ಕುದಿಸಿ.

ಬಾವಿಗೆ ಮುಂಚೆ ಎರಡಡಿ ಉದ್ದ, ಅಗಲ, ಆಳದ ಇಟ್ಟಿಗೆ ತೊಟ್ಟಿ ಕಟ್ಟಿ. ನೀರು ಹೊರಹೋಗುವ ಪೈಪು ತಳದಿಂದ ಒಂದಡಿ ಮೇಲಿದ್ದರೆ ಮಣ್ಣು ಕೆಳಗೆ ಕೂರುತ್ತದೆ. ತಳದಲ್ಲಿ ನೀರು ನಿಲ್ಲುವುದರಿಂದ ಸೊಳ್ಳೆ ನುಗ್ಗದಂತೆ ಮುಚ್ಚಳ ಹೊಂದಿಕೆಯಾಗಿರಲಿ.

ಬಾವಿಯ ಜಾಗ ಪಾಯದಿಂದ ಹತ್ತಡಿ, ಸೆಪ್ಟಿಕ್ ಟ್ಯಾಂಕಿನಿಂದ ಕನಿಷ್ಠ ಮೂವತ್ತಡಿ ದೂರವಿರಬೇಕು. ಅಷ್ಟು ಜಾಗವಿಲ್ಲದವರು ಬಾವಿ ತೋಡದೆ, ಸಂಪು ತುಂಬಿ ಮಿಕ್ಕಿದ್ದನ್ನು ಬೀದಿಯ ಮಳೆನೀರು ಚರಂಡಿಗೆ ಬಿಟ್ಟರೆ ಸಾಕು. ಮೂರಡಿ ವ್ಯಾಸದ ಸಿಮೆಂಟ್ ರಿಂಗ್ ಹತ್ತು, ಒಂದರ ಮೇಲೊಂದು. ಹತ್ತಡಿ ಆಳಕ್ಕೆ ಎರಡು ಸಾವಿರ ಲೀಟರ್ ಹಿಡಿಯುತ್ತದೆ. ರಿಂಗುಗಳ ನಡುವೆ ಸಿಮೆಂಟ್ ಮೆತ್ತಬಾರದು, ತಳಕ್ಕೆ ಕಾಂಕ್ರೀಟ್ ಬೇಡವೇ ಬೇಡ. ಗಾರೆಯವರಿಗೆ ಸಂದು ಕಂಡರೆ ಕೈ ತುರಿಸುತ್ತದೆ, ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಗುಂಡಿಯನ್ನು ನಾಲ್ಕೂವರೆ ಅಡಿ ಅಗಲ ತೋಡಿಸಿ, ರಿಂಗಿನ ಸುತ್ತ ಉಳಿದ ಜಾಗಕ್ಕೆ 40 ಎಂಎಂ ಜಲ್ಲಿ ತುಂಬಿ. ಎಂ-ಸ್ಯಾಂಡ್ ಹಾಕಿದರೆ ಅದರ ಪುಡಿ ಸಂದುಗಳನ್ನೆಲ್ಲ ಮುಚ್ಚುತ್ತದೆ.

ಗುಂಡಿ ಪೂರ್ತಿ ಜಲ್ಲಿ, ಮರಳು, ಇದ್ದಿಲು ತುಂಬುವ ಪದ್ಧತಿಯೂ ಇದೆ. ಅದು ಬೇಡ. ಹೂಳು ಕಟ್ಟಿದರೆ ಇಡೀ ಗುಂಡಿ ಬಗೆಯಬೇಕು; ಖಾಲಿ ಬಾವಿಯಾದರೆ ಒಬ್ಬರು ಇಳಿದು ಬಾಚಬಹುದು. ರಿಂಗ್ ಇಳಿಸುವ ಮುಂಚೆ ತಳಕ್ಕೆ ನಾಲ್ಕು ಬಿಂದಿಗೆ ನೀರು ಸುರಿದು ನೋಡಿ. ಕೆಂಪುಮಣ್ಣು ದಾಟಿ ಗರಸು ಸಿಕ್ಕಿದ್ದರೆ ಬೇಗ ಇಂಗುತ್ತದೆ. ಮರುದಿನವೂ ನೀರು ನಿಂತಿದ್ದರೆ ಜೇಡಿಮಣ್ಣಿನಲ್ಲೇ ಇದ್ದೀರಿ, ಇನ್ನೂ ಇಳಿಯಬೇಕು. ಬಾಯಿಗೆ ಮಕ್ಕಳು ಎತ್ತಲಾಗದಂಥ ಚಪ್ಪಡಿ ಹಾಕಿಸಿ.

ತಾರಸಿ ನೀರನ್ನು ನೇರ ಬೋರ್‌ವೆಲ್ ಕೇಸಿಂಗ್ ಒಳಕ್ಕೆ ಬಿಡುವವರಿದ್ದಾರೆ. ಸಾವಿರ ಅಡಿ ಕೆಳಗೆ ಸೇರಿದ ಕೊಳೆಯನ್ನು ಹೊರತೆಗೆಯುವ ದಾರಿಯೇ ಇಲ್ಲ. ಒಣಗಿದ ಬೋರ್‌ವೆಲ್ಲಿಗೆ ಶೌಚಾಲಯದ ನೀರು ಬಿಡುವವರೂ ಉಂಟು. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅದು ನಿಷಿದ್ಧ, ಅಕ್ಕಪಕ್ಕದ ಮನೆಗಳಿಗೆ ವಿಷ.

ಅಂಗಳದ ನೀರು ಇಂಗುಬಾವಿಗೆ ಹೋಗಕೂಡದು. ಬೈಕ್ ತೊಳೆದದ್ದು, ಟೊಮೆಟೊಗೆ ಔಷಧಿ ಹೊಡೆದ ಸ್ಪ್ರೇಯರ್ ತೊಳೆದದ್ದು ಅದರಲ್ಲಿರುತ್ತದೆ. ಹಾಗಾಗಿ ಅಂಗಳದ ವಾಟ ಬಾವಿಯ ಕಡೆಗೆ ಇರದಂತೆ ನೋಡಿಕೊಳ್ಳಿ. ಸ್ಪ್ರೇಯರನ್ನು ಹೊಲದಲ್ಲೇ ತೊಳೆಯಿರಿ. ಕೊಟ್ಟಿಗೆಯ ಸಗಣಿಯನ್ನು ಮೊದಲು ಬಾಚಿ ತಿಪ್ಪೆಗೆ ಹಾಕಿ, ಆಮೇಲೆ ನೀರು ಹಾಕಿ. ಗಂಜಲದ ನೀರು ತಿಪ್ಪೆಗೋ ತೆಂಗಿನ ಬುಡಕ್ಕೋ ಹೋಗಲಿ, ಮೋರಿಗೆ ಬೇಡ.

ಮನೆ ಮುಂದಿನ ಚರಂಡಿಯ ಮೇಲೆ ಕಾರು ಹತ್ತಿಸಲು ಕಾಂಕ್ರೀಟ್ ಹಾಸಿ ಮುಚ್ಚಿಬಿಟ್ಟರೆ ಹೂಳು ತೆಗೆಯಲು ಯಾರಿಗೂ ಕೈ ಹೋಗುವುದಿಲ್ಲ. ಮೂರಡಿಯ ಎತ್ತಬಹುದಾದ ಚಪ್ಪಡಿಗಳನ್ನೇ ಹಾಕಿ. ಕಟ್ಟಡದ ಕೆಲಸ ನಡೆಯುತ್ತಿದ್ದರೆ ಮರಳು, ಜಲ್ಲಿ ರಾಶಿ ಚರಂಡಿಯ ಅಂಚಿಗೆ ಬೇಡ. ಮಿಕ್ಸರ್ ತೊಳೆದ ಸಿಮೆಂಟ್ ನೀರು ಚರಂಡಿಯಲ್ಲಿ ಕಲ್ಲಾದರೆ ಸುತ್ತಿಗೆಯಿಂದ ಒಡೆಯುವುದೊಂದೇ ಉಪಾಯ.

ವರ್ಷಕ್ಕೆ 700 ಮಿ.ಮೀ. ಆಸುಪಾಸು ಬೀಳುವ ಈ ಕಡೆ ದೊಡ್ಡ ಪಾಲು ಬರುವುದು ಉತ್ತರೆ, ಹಸ್ತ, ಚಿತ್ತೆಗಳಲ್ಲಿ. ಅಗೆತ ಬೇಸಿಗೆಯಲ್ಲೇ ಮುಗಿಸಿ. ತೊಟ್ಟಿಯ ಹೂಳನ್ನು ರೋಹಿಣಿಗೆ ಮುಂಚೆ ಒಮ್ಮೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಇನ್ನೊಮ್ಮೆ ಬಾಚಿ. ಬಾವಿಯ ತಳವನ್ನು ಎರಡು ವರ್ಷಕ್ಕೊಮ್ಮೆ ನೋಡಿದರೆ ಸಾಕು, ಇಳಿಯುವ ಹಿಂದಿನ ದಿನವೇ ಚಪ್ಪಡಿ ಸರಿಸಿ ಗಾಳಿಯಾಡಲು ಬಿಡಿ, ಒಬ್ಬರು ಮೇಲೆ ಹಗ್ಗ ಹಿಡಿದು ನಿಂತಿರಲಿ.